ನದಿ ದಾಟಿದರೆ ಬೇರೆ ಕಾನೂನು: ಸೇಂಟ್ ಲೂಯಿಸ್‌ನಿಂದ ಟೊಪೀಕಾವರೆಗೆ

ಅಮೆರಿಕದ ಅಂತರ್ಯುದ್ಧ ನೋಡಬೇಕು ಅನ್ನುವವರು ಸಾಮಾನ್ಯವಾಗಿ ಪೂರ್ವಕ್ಕೆ, ಗೆಟಿಸ್‌ಬರ್ಗ್ ಕಡೆಗೆ ಹೋಗುತ್ತಾರೆ. ನನಗೆ ಯುದ್ಧಕ್ಕಿಂತ ಅದರ ಹಿಂದಿನ ಇಪ್ಪತ್ತು-ಮೂವತ್ತು ವರ್ಷಗಳ ಬಗ್ಗೆ ಕುತೂಹಲ ಜಾಸ್ತಿ. ಒಂದೇ ಸಂವಿಧಾನ ಒಪ್ಪಿಕೊಂಡು, ಒಂದೇ ಬೈಬಲ್ ಓದುತ್ತಿದ್ದ ಜನ ಒಬ್ಬರ ಮೇಲೊಬ್ಬರು ಬಂದೂಕು ಎತ್ತುವ ಹಂತಕ್ಕೆ ಬಂದದ್ದು ಹೇಗೆ? ಅದರ ಗುರುತುಗಳು ಎದ್ದು ಕಾಣುವುದು ಮಿಸೌರಿ ಮತ್ತು ಕ್ಯಾನ್ಸಸ್‌ನಲ್ಲಿ. ಅಕ್ಕ-ಭಾವ ಸೇಂಟ್ ಲೂಯಿಸ್‌ನಲ್ಲಿ ಇದ್ದಾರೆ. ಸೆಪ್ಟೆಂಬರ್‌ನಲ್ಲಿ ಭಾವ ರಜೆ ಹಾಕಿದರು. ಹೈಸ್ಕೂಲಿನಲ್ಲಿ ಓದುವ ಅಕ್ಕನ ಮಗಳೂ ಹೊರಟಳು.

ಶನಿವಾರ, ಸೇಂಟ್ ಲೂಯಿಸ್

ಊರಿನ ಹಳೆಯ ಕೋರ್ಟ್‌ಹೌಸ್ ದೊಡ್ಡ ರಿಪೇರಿ ಮುಗಿದು 2025ರಲ್ಲಿ ಮತ್ತೆ ತೆರೆದಿದೆ. ಎದುರಿಗೇ 630 ಅಡಿ ಎತ್ತರದ ಗೇಟ್‌ವೇ ಆರ್ಚ್ ಇರುವುದರಿಂದ ಎಲ್ಲರ ಕ್ಯಾಮೆರಾ ಆ ಕಡೆಗೇ ತಿರುಗಿರುತ್ತದೆ. ನಾವು ಮೊದಲು ಕೋರ್ಟಿನ ಮೆಟ್ಟಿಲ ಹತ್ತಿರ ಹೋದೆವು. ಯಜಮಾನ ಸತ್ತು ಆಸ್ತಿ ವಿಲೇವಾರಿ ಮಾಡಬೇಕಾದರೆ ಕೋರ್ಟಿನ ಆದೇಶದ ಮೇಲೆ ಇಲ್ಲೇ ಹರಾಜು ನಡೆಯುತ್ತಿತ್ತು. ಆ ಆಸ್ತಿಯ ಪಟ್ಟಿಯಲ್ಲಿ ಕುದುರೆ, ಮಂಚಗಳ ಜೊತೆ ಮನುಷ್ಯರೂ ಇರುತ್ತಿದ್ದರು.

ಅದೇ ಕಟ್ಟಡದ ಒಳಗೆ ಗುಲಾಮರು ಬಿಡುಗಡೆ ಕೇಳಿ ಕೇಸು ಹಾಕುತ್ತಿದ್ದರು. ಮಿಸೌರಿಯಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಆದರೂ ಒಂದು ನಿಯಮವಿತ್ತು. ಗುಲಾಮಗಿರಿ ಇಲ್ಲದ ಸೀಮೆಗೆ ಯಜಮಾನ ತನ್ನ ಗುಲಾಮನನ್ನು ಕರೆದೊಯ್ದು ಅಲ್ಲಿ ನೆಲೆಸಿದರೆ, ಗುಲಾಮ ಸ್ವತಂತ್ರನಾಗುತ್ತಿದ್ದ. ಮಿಸೌರಿಗೆ ವಾಪಸ್ ಬಂದರೂ ಆ ಸ್ವಾತಂತ್ರ್ಯ ಹೋಗುತ್ತಿರಲಿಲ್ಲ. ಈ ಊರಿನಲ್ಲಿ ಇಂಥ 300ಕ್ಕೂ ಹೆಚ್ಚು ಕೇಸುಗಳು ದಾಖಲಾಗಿವೆ. ಗೆದ್ದವರೂ ಬಹಳ ಜನ.

1846ರ ಏಪ್ರಿಲ್‌ನಲ್ಲಿ ಡ್ರೆಡ್ ಸ್ಕಾಟ್ ಮತ್ತು ಅವರ ಹೆಂಡತಿ ಹ್ಯಾರಿಯೆಟ್ ಬೇರೆ ಬೇರೆಯಾಗಿ ಕೇಸು ಹಾಕಿದರು. ಡ್ರೆಡ್‌ಗೆ ಓದು-ಬರಹ ಬರುತ್ತಿರಲಿಲ್ಲ. ಅರ್ಜಿಯಲ್ಲಿ ಅವರ ಸಹಿಯ ಜಾಗದಲ್ಲಿ ಗುಣಾಕಾರದ ಗುರುತಿನಂಥ ಎರಡು ಗೆರೆ ಇವೆ. ಅವರ ಯಜಮಾನ ಜಾನ್ ಎಮರ್ಸನ್ ಸೈನ್ಯದ ಡಾಕ್ಟರ್. ಅವನ ಜೊತೆ ಡ್ರೆಡ್ ಇಲಿನಾಯ್‌ನ ಕೋಟೆಯೊಂದರಲ್ಲಿ, ಆಮೇಲೆ ಈಗಿನ ಮಿನೆಸೋಟದ ಫೋರ್ಟ್ ಸ್ನೆಲ್ಲಿಂಗ್‌ನಲ್ಲಿ ವರ್ಷಗಟ್ಟಲೆ ಇದ್ದರು. ಎರಡೂ ಕಡೆ ಗುಲಾಮಗಿರಿ ನಿಷೇಧ. ಹ್ಯಾರಿಯೆಟ್ ಜೊತೆ ಮದುವೆಯಾದದ್ದು ಸ್ನೆಲ್ಲಿಂಗ್‌ನಲ್ಲೇ. ದೊಡ್ಡ ಮಗಳು ಎಲೈಜಾ ಹುಟ್ಟಿದ್ದು ಮಿಸಿಸಿಪ್ಪಿ ನದಿಯ ಮೇಲೆ, ಮಿಸೌರಿ ಗಡಿಯ ಉತ್ತರಕ್ಕೆ, ಸ್ಟೀಮ್‌ಬೋಟಿನಲ್ಲಿ. ಹಳೆಯ ತೀರ್ಪುಗಳ ಪ್ರಕಾರ ಇದು ಸುಲಭದ ಕೇಸು.

1847ರಲ್ಲಿ ಸಾಕ್ಷಿಯ ಒಂದು ತಾಂತ್ರಿಕ ಕಾರಣಕ್ಕೆ ಸೋತರು. 1850ರಲ್ಲಿ ಮರುವಿಚಾರಣೆಯಾಗಿ ಜ್ಯೂರಿ ಅವರನ್ನು ಸ್ವತಂತ್ರರು ಅಂದಿತು. 1852ರಲ್ಲಿ ಮಿಸೌರಿ ಸುಪ್ರೀಂ ಕೋರ್ಟ್ ಅದನ್ನು ತಿರುವಿ ಹಾಕಿತು.

"ಮಾಮಾ, ಗೆದ್ದ ಕೇಸ್ ಮತ್ತ ಹೆಂಗ ಸೋತ್ರು?" ಅಂತ ಅಕ್ಕನ ಮಗಳು ಕೇಳಿದಳು. ಕಾನೂನು ಬದಲಾಗಿರಲಿಲ್ಲ, ಕಾಲ ಬದಲಾಗಿತ್ತು. ಉತ್ತರದಲ್ಲಿ ಗುಲಾಮಗಿರಿ ವಿರೋಧ ಜೋರಾಗಿತ್ತು. ಕಾಲ ಮೊದಲಿನಂತಿಲ್ಲ ಅಂತ ನ್ಯಾಯಾಧೀಶರು ತೀರ್ಪಿನಲ್ಲೇ ಬರೆದರು. ಕೇಸು ನಡೆಯುವಾಗ ಶೆರಿಫ್ ಈ ದಂಪತಿಯನ್ನು ಕೂಲಿಗೆ ಕಳಿಸಿ, ದುಡಿದ ಹಣವನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದ. ಸ್ವತಂತ್ರರು ಅಂತಾದರೆ ಆ ಹಣ ಅವರದು, ಇಲ್ಲವಾದರೆ ಯಜಮಾನಿಯದು, ಅಂದರೆ ತೀರಿಕೊಂಡಿದ್ದ ಎಮರ್ಸನ್‌ನ ಹೆಂಡತಿಯದು. ಎಲ್ಲಿ ಮಾರಿಬಿಡುತ್ತಾರೋ ಅನ್ನುವ ಭಯಕ್ಕೆ ಇಬ್ಬರು ಹೆಣ್ಣುಮಕ್ಕಳನ್ನು ಬಚ್ಚಿಟ್ಟಿದ್ದರು. ನಾನು ಈ ಕೇಸಿನ ಬಗ್ಗೆ ಓದುವಾಗಲೆಲ್ಲ ಹ್ಯಾರಿಯೆಟ್ ಬಗ್ಗೆಯೇ ಯೋಚಿಸುತ್ತೇನೆ. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರು ಅನ್ನುವುದು ಆಗಿನ ಕಾನೂನು. ಹಾಗಾಗಿ ಮಕ್ಕಳ ಬದುಕು ನಿಂತಿದ್ದು ಅವರ ಕೇಸಿನ ಮೇಲೆ.

ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ 1857ರ ಮಾರ್ಚ್ 6ರಂದು ತೀರ್ಪು ಕೊಟ್ಟಿತು. ಏಳು ಜನ ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಕಪ್ಪು ಜನ ಅಮೆರಿಕದ ಪ್ರಜೆಗಳಾಗಲಾರರು, ಬಿಳಿಯರು ಮನ್ನಿಸಬೇಕಾದ ಯಾವ ಹಕ್ಕೂ ಅವರಿಗಿಲ್ಲ ಅಂತ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಬರೆದ. ಅಷ್ಟಕ್ಕೇ ನಿಲ್ಲಲಿಲ್ಲ. ಇನ್ನೂ ರಾಜ್ಯಗಳಾಗದ ಹೊಸ ಸೀಮೆಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ದೇಶದ ಸಂಸತ್ತಾದ ಕಾಂಗ್ರೆಸ್ಸಿಗೂ ಇಲ್ಲ ಅಂದ. ಈ ಜಗಳ ಇನ್ನು ಮುಗಿಯಿತು ಅಂತ ಟೇನಿ ಮತ್ತು ಹೊಸ ಅಧ್ಯಕ್ಷ ಬುಕ್ಯಾನನ್ ನಂಬಿದ್ದರು. ನಾಲ್ಕು ವರ್ಷಕ್ಕೆ ಯುದ್ಧ ಶುರುವಾಯಿತು.

ಮಧ್ಯಾಹ್ನ ಕ್ಯಾಲ್ವರಿ ಸ್ಮಶಾನಕ್ಕೆ ಹೋದೆವು. ತೀರ್ಪಿನ ನಂತರ 1857ರ ಮೇ ತಿಂಗಳಲ್ಲಿ, ಡ್ರೆಡ್ ಅವರ ಮೊದಲ ಯಜಮಾನನ ಮಗ ಟೇಲರ್ ಬ್ಲೋ ಈ ಕುಟುಂಬವನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಬಿಡುಗಡೆ ಮಾಡಿದ. ಡ್ರೆಡ್ ಇಲ್ಲಿನ ಹೋಟೆಲೊಂದರಲ್ಲಿ ಪೋರ್ಟರ್ ಕೆಲಸ ಮಾಡಿ, ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಸ್ವತಂತ್ರರಾಗಿ ಬದುಕಿದ್ದು ಒಂದೂಕಾಲು ವರ್ಷ. ಸಮಾಧಿಯ ಕಲ್ಲಿನ ಮೇಲೆ ಬಂದವರೆಲ್ಲ ಒಂದು ಸೆಂಟಿನ ನಾಣ್ಯ ಇಟ್ಟು ಹೋಗುತ್ತಾರೆ, ಲಿಂಕನ್ ಮುಖ ಮೇಲೆ ಬರುವ ಹಾಗೆ. ಅಕ್ಕ ಪರ್ಸಿನಿಂದ ಮೂರು ನಾಣ್ಯ ತೆಗೆದು ಸಾಲಾಗಿ ಇಟ್ಟಳು. ಹ್ಯಾರಿಯೆಟ್ ಸಮಾಧಿ ಇಲ್ಲಿಲ್ಲ. ಅವರು 1876ರವರೆಗೆ ಬದುಕಿದ್ದರು, ಗುಲಾಮಗಿರಿ ಕೊನೆಯಾದದ್ದನ್ನು ನೋಡಿದರು. ಗ್ರೀನ್‌ವುಡ್ ಅನ್ನುವ ಬೇರೆ ಸ್ಮಶಾನದಲ್ಲಿದ್ದಾರೆ.

ಭಾನುವಾರ, ನದಿಯ ಎರಡು ದಂಡೆ

ಸೇಂಟ್ ಲೂಯಿಸ್ ಮಿಸಿಸಿಪ್ಪಿಯ ಪಶ್ಚಿಮ ದಂಡೆಯಲ್ಲಿದೆ. ಎದುರು ದಂಡೆ ಇಲಿನಾಯ್. ಈ ಕಡೆ ಗುಲಾಮರು, ಆ ಕಡೆ ಗುಲಾಮಗಿರಿ ಇಲ್ಲ. ನಡುವೆ ಇರುವುದು ಒಂದು ನದಿ.

ಊರಿನ ಉತ್ತರಕ್ಕೆ, ಕಾರ್ಖಾನೆಗಳ ಹಿಂದೆ, ಮೇರಿ ಮೀಚಮ್ ಹೆಸರಿನ ಒಂದು ಜಾಗ ಇದೆ. ಮೇರಿ ಸ್ವತಂತ್ರ ಕಪ್ಪು ಮಹಿಳೆ. 1855ರ ಮೇ ತಿಂಗಳ ಒಂದು ರಾತ್ರಿ ಎಂಟೊಂಬತ್ತು ಜನ ಗುಲಾಮರನ್ನು ಇಲ್ಲಿಂದ ದೋಣಿಯಲ್ಲಿ ದಾಟಿಸಲು ನೆರವಾದರು. ಆ ದಂಡೆಯಲ್ಲಿ ಪೊಲೀಸರು, ಯಜಮಾನರ ಕಡೆಯವರು ಕಾಯುತ್ತಿದ್ದರು. ಕೆಲವರು ತಪ್ಪಿಸಿಕೊಂಡರು, ಉಳಿದವರು ಸಿಕ್ಕಿಬಿದ್ದರು. ಸಿಕ್ಕವರಲ್ಲಿ ಎಸ್ತರ್ ಅನ್ನುವ ತಾಯಿ ಮತ್ತು ಅವಳ ಇಬ್ಬರು ಮಕ್ಕಳು ಇದ್ದರು. ಅವರ ಯಜಮಾನ ಹೆನ್ರಿ ಶಾ. ಸೇಂಟ್ ಲೂಯಿಸ್‌ನ ಹೆಸರಾಂತ ಮಿಸೌರಿ ಬಟಾನಿಕಲ್ ಗಾರ್ಡನ್ ಮಾಡಿಸಿದವನು ಅವನೇ. ಅವನು ಎಸ್ತರ್‌ಳನ್ನು ದಕ್ಷಿಣಕ್ಕೆ ಮಾರಿಬಿಟ್ಟ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ವಾರಾ ವಾರಾ ಆ ತ್ವಾಟದಾಗ ವಾಕಿಂಗ್ ಮಾಡ್ತೀವಲ್ಲೋ, ಇದನ್ನ ಯಾರೂ ಹೇಳಿರ್ಲಿಲ್ಲ ನೋಡು" ಅಂದಳು.

ಸಿಕ್ಕಿಬಿದ್ದವರು ಆ ಹೊತ್ತಿಗೆ ಇಲಿನಾಯ್ ನೆಲದ ಮೇಲೆ ಇದ್ದರು. ಆದರೆ 1850ರ ಕಾನೂನಿನ ಪ್ರಕಾರ, ಓಡಿಹೋದ ಗುಲಾಮರನ್ನು ದೇಶದಲ್ಲಿ ಎಲ್ಲಿ ಸಿಕ್ಕರೂ ಹಿಡಿದು ಕೊಡಬೇಕಿತ್ತು. ಹಿಡಿದವರಿಗೆ ಜ್ಯೂರಿ ವಿಚಾರಣೆ ಇಲ್ಲ. ತಮ್ಮ ಪರವಾಗಿ ಅವರೇ ಸಾಕ್ಷಿ ಹೇಳುವ ಹಾಗಿಲ್ಲ. ತೀರ್ಮಾನ ಮಾಡುವ ಕಮಿಷನರ್‌ಗೆ, ಗುಲಾಮ ಅಂತ ವಾಪಸ್ ಕಳಿಸಿದರೆ ಹತ್ತು ಡಾಲರ್ ಫೀಸು, ಬಿಟ್ಟುಬಿಟ್ಟರೆ ಐದು. ಊರಿನ ಸಾಮಾನ್ಯ ಜನರನ್ನೂ ಹಿಡಿಯುವ ಕೆಲಸಕ್ಕೆ ಕರೆಯಬಹುದಿತ್ತು. ಗುಲಾಮಗಿರಿ ಎಲ್ಲೋ ದೂರದ ದಕ್ಷಿಣದ ವಿಷಯ ಅಂತ ಸುಮ್ಮನಿದ್ದ ಉತ್ತರದ ಜನ, ತಮ್ಮ ಬೀದಿಯಲ್ಲೇ ಮನುಷ್ಯರನ್ನು ಸರಪಳಿ ಹಾಕಿ ಎಳೆದೊಯ್ಯುವುದನ್ನು ಕಣ್ಣಾರೆ ನೋಡಿದರು. 1854ರಲ್ಲಿ ಆಂಟನಿ ಬರ್ನ್ಸ್ ಅನ್ನುವ ಒಬ್ಬ ಯುವಕನನ್ನು ಬಾಸ್ಟನ್‌ನಿಂದ ವಾಪಸ್ ಕಳಿಸಲು ಸೈನ್ಯವನ್ನೇ ಬೀದಿಗೆ ಇಳಿಸಬೇಕಾಯಿತು.

ಅಲ್ಲಿಂದ ಸೇತುವೆ ದಾಟಿ ಇಲಿನಾಯ್‌ನ ಆಲ್ಟನ್‌ಗೆ ಹೋದೆವು. ನದಿ ಪಕ್ಕದ ಏರುಪೇರಿನ ಸಣ್ಣ ಊರು. ಊರ ಸ್ಮಶಾನದ ದಿಬ್ಬದ ಮೇಲೆ ಎತ್ತರದ ಕಂಬವೊಂದಿದೆ, ಅದು ಎಲೈಜಾ ಲವ್‌ಜಾಯ್ ಸ್ಮಾರಕ. ಈತ ಪಾದ್ರಿ, ಪತ್ರಿಕೆಯ ಸಂಪಾದಕ. ಮೊದಲು ಸೇಂಟ್ ಲೂಯಿಸ್‌ನಲ್ಲಿದ್ದ. 1836ರಲ್ಲಿ ಅಲ್ಲಿ ಫ್ರಾನ್ಸಿಸ್ ಮ್ಯಾಕಿಂಟಾಶ್ ಅನ್ನುವ ಕಪ್ಪು ನಾವಿಕನನ್ನು ಜನ ಮರಕ್ಕೆ ಕಟ್ಟಿ ಜೀವಂತ ಸುಟ್ಟರು. ಲವ್‌ಜಾಯ್ ಅದನ್ನು ಖಂಡಿಸಿ ಬರೆದ. ಪ್ರೆಸ್ಸಿಗೆ ನುಗ್ಗಿದರು. ನದಿಯ ಈಚೆ ದಂಡೆಗೆ ಬಂದರೆ ಉಳಿಯಬಹುದು ಅಂತ ಆಲ್ಟನ್‌ಗೆ ಬಂದ. ಇಲ್ಲೂ ಅವನ ಮುದ್ರಣ ಯಂತ್ರಗಳನ್ನು ಒಂದಾದ ಮೇಲೆ ಒಂದು ಹಾಳು ಮಾಡಿದರು. ಮತ್ತೊಂದು ಹೊಸ ಯಂತ್ರ ಬಂತು. 1837ರ ನವೆಂಬರ್ 7ರ ರಾತ್ರಿ ಗುಂಪು ಗೋದಾಮನ್ನು ಸುತ್ತುವರಿದು, ಏಣಿ ಹಾಕಿ ಚಾವಣಿಗೆ ಬೆಂಕಿ ಇಡಲು ಹತ್ತಿತು. ತಡೆಯಲು ಹೊರಬಂದ ಲವ್‌ಜಾಯ್‌ಗೆ ಐದು ಗುಂಡು ಬಿದ್ದವು. ಎರಡು ದಿನ ಕಳೆದಿದ್ದರೆ 35 ತುಂಬುತ್ತಿತ್ತು. ಯಂತ್ರವನ್ನು ಕಿಟಕಿಯಿಂದ ಹೊರಗೆ ಎಸೆದು, ಒಡೆದು ನದಿಗೆ ಹಾಕಿದರು. ಕೊಲೆಗಾರರಿಗೆ ಶಿಕ್ಷೆ ಆಗಲಿಲ್ಲ.

ಇದು ಆದದ್ದು ಗುಲಾಮಗಿರಿ ಇಲ್ಲದ ರಾಜ್ಯದಲ್ಲಿ. ಉತ್ತರದವರೆಲ್ಲ ಒಳ್ಳೆಯವರು, ದಕ್ಷಿಣದವರೆಲ್ಲ ಕೆಟ್ಟವರು ಅನ್ನುವ ಲೆಕ್ಕ ಆಲ್ಟನ್‌ನಲ್ಲಿ ನಿಂತರೆ ತಪ್ಪುತ್ತದೆ. ಈ ಸುದ್ದಿ ಒಹಾಯೊದ ಹಡ್ಸನ್ ಅನ್ನುವ ಊರಿಗೆ ಮುಟ್ಟಿದಾಗ ಅಲ್ಲಿ ಒಂದು ಪ್ರಾರ್ಥನಾ ಸಭೆ ನಡೆಯಿತು. ಹಿಂದೆ ಕೂತಿದ್ದ ಒಬ್ಬ ಚರ್ಮದ ವ್ಯಾಪಾರಿ ಎದ್ದು ನಿಂತು, ಗುಲಾಮಗಿರಿಯನ್ನು ನಾಶ ಮಾಡಲು ತನ್ನ ಬಾಳನ್ನು ಮುಡಿಪಿಡುತ್ತೇನೆ ಅಂತ ದೇವರ ಮುಂದೆ ಶಪಥ ಮಾಡಿದ. ಅವನ ಹೆಸರು ಜಾನ್ ಬ್ರೌನ್. ಮುಂದೆ ಕ್ಯಾನ್ಸಸ್‌ನಲ್ಲಿ ಸಿಗುತ್ತಾನೆ.

ಸಂಜೆ ನದಿ ಹತ್ತಿರದ ಲಿಂಕನ್-ಡಗ್ಲಸ್ ಚೌಕ ನೋಡಿದೆವು. 1858ರ ಸೆನೆಟ್ ಚುನಾವಣೆಗೆ ಲಿಂಕನ್ ಮತ್ತು ಇಲಿನಾಯ್‌ನ ಸೆನೆಟರ್ ಸ್ಟೀಫನ್ ಡಗ್ಲಸ್ ನಡುವೆ ಆದ ಏಳು ಚರ್ಚೆಗಳಲ್ಲಿ ಕೊನೆಯದು ನಡೆದದ್ದು ಇಲ್ಲಿ, ಅಕ್ಟೋಬರ್ 15ರಂದು. ಕಂಚಿನ ಲಿಂಕನ್ ಉದ್ದ, ಡಗ್ಲಸ್ ಗಿಡ್ಡ. ಗುಲಾಮಗಿರಿ ಬೇಕೋ ಬೇಡವೋ ಅಂತ ಆಯಾ ಸೀಮೆಯ ಬಿಳಿ ಜನ ಓಟು ಹಾಕಿ ತೀರ್ಮಾನಿಸಲಿ, ತನಗೆ ಎರಡೂ ಒಂದೇ ಅಂತ ಡಗ್ಲಸ್ ವಾದ. ನೀನು ದುಡಿದು ರೊಟ್ಟಿ ಗಳಿಸು, ನಾನು ತಿನ್ನುತ್ತೇನೆ ಅನ್ನುವುದೇ ಗುಲಾಮಗಿರಿಯ ತಿರುಳು, ರಾಜ ಹೇಳಿದರೂ ಅದು ತಪ್ಪು, ಯಜಮಾನ ಹೇಳಿದರೂ ತಪ್ಪು ಅಂತ ಲಿಂಕನ್ ಇಲ್ಲೇ ಹೇಳಿದ್ದು. ಆ ಚುನಾವಣೆಯಲ್ಲಿ ಗೆದ್ದದ್ದು ಡಗ್ಲಸ್.

ಸೋಮವಾರ, ದಾರಿಯುದ್ದಕ್ಕೂ

ಕ್ಯಾನ್ಸಸ್‌ನ ಲಾರೆನ್ಸ್‌ವರೆಗೆ ಸುಮಾರು 290 ಮೈಲಿ. ಎರಡೂ ಕಡೆ ಮೆಕ್ಕೆಜೋಳ, ಸೋಯಾ. ನದಿ ದಂಡೆಯ ಈ ಜಿಲ್ಲೆಗಳಲ್ಲಿ ಆಗ ತಂಬಾಕು ಮತ್ತು ಹಗ್ಗಕ್ಕೆ ಬೇಕಾದ ನಾರಿನ ಬೆಳೆ. 1860ರಲ್ಲಿ ಮಿಸೌರಿಯಲ್ಲಿ ಸುಮಾರು 1,15,000 ಗುಲಾಮರಿದ್ದರು.

ಕಾರಿನಲ್ಲಿ ಮಾತು ಹತ್ತಿಗೆ ಹೋಯಿತು. ಹೋಗದೆ ಇರುತ್ತದೆಯೇ, ನಮ್ಮದು ನವಲಗುಂದ ಕಡೆಯ ಎರೆ ಭೂಮಿ. 1793ರಲ್ಲಿ ಇಲಾಯ್ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಮಾಡಿದ. ಕೈಯಲ್ಲಿ ಒಂದು ದಿನಕ್ಕೆ ಒಂದು ಪೌಂಡ್ ಅರಳೆ ಬಿಡಿಸುವುದೇ ಕಷ್ಟವಿದ್ದ ಕಡೆ ಹತ್ತಿ ದೊಡ್ಡ ಲಾಭದ ಬೆಳೆಯಾಯಿತು. ಗುಲಾಮಗಿರಿ ತಾನಾಗಿ ಸಾಯುತ್ತದೆ ಅಂತ ಸಂವಿಧಾನ ಬರೆದ ಹಲವರು ಅಂದುಕೊಂಡಿದ್ದರು. 1790ರಲ್ಲಿ 7 ಲಕ್ಷ ಇದ್ದ ಗುಲಾಮರು 1860ಕ್ಕೆ 39.5 ಲಕ್ಷ ಆದರು. ಅವರ ಮಾರುಕಟ್ಟೆ ಬೆಲೆ ಸುಮಾರು 300 ಕೋಟಿ ಡಾಲರ್, ಅಂದರೆ ದೇಶದ ಎಲ್ಲ ರೈಲು ಮತ್ತು ಕಾರ್ಖಾನೆಗಳಿಗೆ ಹಾಕಿದ ಬಂಡವಾಳಕ್ಕಿಂತ ಹೆಚ್ಚು. ದೇಶದ ರಫ್ತಿನ ಅರ್ಧಕ್ಕಿಂತ ಜಾಸ್ತಿ ಹತ್ತಿಯೇ ಆಗಿತ್ತು.

ಈ ಹತ್ತಿಗೂ ನಮ್ಮ ಊರಿಗೂ ನಂಟಿದೆ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು. ಬೇರೆ ಕಡೆ ಸೋತ ಆ ಬೀಜ ಧಾರವಾಡ ಸೀಮೆಯಲ್ಲಿ ಚೆನ್ನಾಗಿ ಬಂತು. ಧಾರವಾಡ-ಅಮೆರಿಕನ್ ಅಂತಲೇ ಹೆಸರಾಯಿತು. ಯುದ್ಧ ಶುರುವಾಗಿ ಅಮೆರಿಕದ ಹತ್ತಿ ನಿಂತಾಗ ಮ್ಯಾಂಚೆಸ್ಟರ್‌ನವರ ಕಣ್ಣು ಇದರ ಮೇಲೆ ಬಿತ್ತು. ಸಾಗಿಸಲು ಕಾರವಾರ ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ತೆಗೆದು ಬಾಂಬೆ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವಿತ್ತು.

ಇಷ್ಟು ಹಣ ಇದ್ದ ಮೇಲೆ ಅದನ್ನು ಕಾಯಲು ವಾಷಿಂಗ್ಟನ್‌ನಲ್ಲಿ ಕೈ ಬೇಕಲ್ವಾ? ಪ್ರತಿ ರಾಜ್ಯಕ್ಕೂ ಸೆನೆಟ್‌ನಲ್ಲಿ ಎರಡು ಸೀಟು. ಆದ್ದರಿಂದ ಪಶ್ಚಿಮದಲ್ಲಿ ಹೊಸ ರಾಜ್ಯ ಹುಟ್ಟಿದಾಗಲೆಲ್ಲ ಜಗಳ. 1819ರಲ್ಲಿ 11 ರಾಜ್ಯ ಈ ಕಡೆ, 11 ಆ ಕಡೆ. ಮಿಸೌರಿ ಸೇರಿದರೆ ತಕ್ಕಡಿ ವಾಲುತ್ತಿತ್ತು. 1820ರಲ್ಲಿ ಒಂದು ರಾಜಿ ಮಾಡಿಕೊಂಡರು. ಮಿಸೌರಿಯಲ್ಲಿ ಗುಲಾಮಗಿರಿ ಇರಲಿ, ಅದಕ್ಕೆ ಜೊತೆಯಾಗಿ ಮೇನ್ ಅನ್ನುವ ಮುಕ್ತ ರಾಜ್ಯ ಬರಲಿ, ಲೂಸಿಯಾನಾ ಸೀಮೆಯ ಉಳಿದ ನೆಲದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಬೇಡ. ಮುದುಕನಾಗಿದ್ದ ಮಾಜಿ ಅಧ್ಯಕ್ಷ ಜೆಫರ್ಸನ್, ನಡುರಾತ್ರಿ ಬೆಂಕಿಯ ಗಂಟೆ ಕೇಳಿ ಎಚ್ಚರಾದ ಹಾಗಾಯಿತು ಅಂತ ಪತ್ರ ಬರೆದ. ಅವನೂ ನೂರಾರು ಗುಲಾಮರ ಯಜಮಾನನೇ.

ಆ ಗೆರೆ 34 ವರ್ಷ ಉಳಿಯಿತು. 1854ರ ಮೇ 30ರಂದು ಡಗ್ಲಸ್ ತಂದ ಕ್ಯಾನ್ಸಸ್-ನೆಬ್ರಾಸ್ಕ ಕಾನೂನು ಅದನ್ನು ಅಳಿಸಿತು. ಕ್ಯಾನ್ಸಸ್‌ನಲ್ಲಿ ಏನಿರಬೇಕು ಅಂತ ಕ್ಯಾನ್ಸಸ್‌ನವರೇ ಓಟು ಹಾಕಲಿ ಅಂದಿತು. ಆ ನೆಲ ಶಾನೀ, ಡೆಲವೇರ್, ಕಾ ಮೊದಲಾದ ಮೂಲನಿವಾಸಿಗಳಿಗೆ ಕೊಟ್ಟದ್ದಾಗಿತ್ತು. ಅವರನ್ನು ಯಾರೂ ಕೇಳಲಿಲ್ಲ. ಗುಲಾಮರನ್ನಂತೂ ಕೇಳುವ ಮಾತೇ ಇಲ್ಲ.

ಗಡಿ ದಾಟಿದಾಗ ರಸ್ತೆ ಬದಿಯಲ್ಲಿ ಕಾಡು ಸೂರ್ಯಕಾಂತಿ ಅರಳಿ ನಿಂತಿತ್ತು.

ಮಂಗಳವಾರ, ಲಾರೆನ್ಸ್

ಊರಿನ ಮುಖ್ಯ ರಸ್ತೆಯ ಹೆಸರು ಮ್ಯಾಸಚೂಸೆಟ್ಸ್ ಸ್ಟ್ರೀಟ್. 1854ರಲ್ಲಿ ಈ ಊರು ಕಟ್ಟಿದವರು ಸಾವಿರಕ್ಕೂ ಹೆಚ್ಚು ಮೈಲಿ ದೂರದ ಆ ರಾಜ್ಯದಿಂದ, ಕ್ಯಾನ್ಸಸ್‌ನಲ್ಲಿ ಓಟು ಹಾಕಬೇಕು ಅಂತಲೇ ಬಂದವರು. ಆದರೆ ಮಿಸೌರಿ ಪಕ್ಕದಲ್ಲೇ ಇತ್ತಲ್ಲ. 1855ರ ಮಾರ್ಚ್ 30ರ ಚುನಾವಣೆಗೆ ಅಲ್ಲಿಂದ ಗುಂಪು ಗುಂಪಾಗಿ, ಬಂದೂಕು ಹಿಡಿದು ಬಂದರು. ಮುಂದಾಳುಗಳಲ್ಲಿ ಅದೇ ತಿಂಗಳ ಮೊದಲವರೆಗೆ ಮಿಸೌರಿಯ ಸೆನೆಟರ್ ಆಗಿದ್ದ ಡೇವಿಡ್ ಆಚಿಸನ್ ಇದ್ದ. ಗಣತಿಯ ಪ್ರಕಾರ ಮತದಾರರು 2,905. ಬಿದ್ದ ಓಟು 6,307. ಅದೇ ಗಣತಿಯಲ್ಲಿ ಇಡೀ ಕ್ಯಾನ್ಸಸ್‌ನಲ್ಲಿದ್ದ ಗುಲಾಮರು ಬರೀ 192 ಜನ. ಹೀಗೆ ಆರಿಸಿ ಬಂದ ಶಾಸನಸಭೆ, ಗುಲಾಮಗಿರಿ ತಪ್ಪು ಅಂತ ಬರೆದರೂ ಹೇಳಿದರೂ ಜೈಲು ಅನ್ನುವ ಕಾನೂನು ಮಾಡಿತು.

ವಿರೋಧಿಗಳು ತಮ್ಮದೇ ಬೇರೆ ಸರ್ಕಾರ ಮಾಡಿಕೊಂಡರು. ಇವರೆಲ್ಲ ಕಪ್ಪು ಜನರ ಸ್ನೇಹಿತರು ಅಂತ ಅಂದುಕೊಳ್ಳಬಾರದು. ಗುಲಾಮರೂ ಬೇಡ, ಸ್ವತಂತ್ರ ಕಪ್ಪು ಜನರೂ ಇಲ್ಲಿಗೆ ಬರುವುದು ಬೇಡ ಅಂತ ಅವರಲ್ಲಿ ಬಹುಪಾಲು ಜನ ಓಟು ಹಾಕಿದ್ದಾರೆ. ಬಿಳಿ ರೈತರಿಗೆ ಬೇಕಾಗಿದ್ದು ಗುಲಾಮರ ಪೈಪೋಟಿ ಇಲ್ಲದ ನೆಲ. ಇದನ್ನು ಹೇಳದೆ ಲಾರೆನ್ಸ್ ಕಥೆ ಹೇಳಿದರೆ ಅದು ಅರ್ಧ ಕಥೆ.

ಬೀದಿಯ ತುದಿಯಲ್ಲಿ ಎಲ್ಡ್ರಿಜ್ ಹೋಟೆಲ್ ಇದೆ. ಅದೇ ಜಾಗದಲ್ಲಿ ಫ್ರೀ ಸ್ಟೇಟ್ ಹೋಟೆಲ್ ಇತ್ತು. 1856ರ ಮೇ 21ರಂದು ಶೆರಿಫ್ ಸ್ಯಾಮ್ಯುಯೆಲ್ ಜೋನ್ಸ್ ನೂರಾರು ಜನರನ್ನು ಕರೆತಂದು ಅದಕ್ಕೆ ತೋಪು ಹಾರಿಸಿದ. ಗೋಡೆ ಬೀಳಲಿಲ್ಲ. ಮದ್ದಿನ ಪೀಪಾಯಿ ಇಟ್ಟರು, ಆಗಲೂ ಬೀಳಲಿಲ್ಲ. ಕೊನೆಗೆ ಬೆಂಕಿ ಹಚ್ಚಿದರು. ಎರಡು ಪತ್ರಿಕೆಗಳ ಅಚ್ಚುಕೂಟ ಒಡೆದು ಅಚ್ಚುಮೊಳೆಗಳನ್ನು ಕ್ಯಾನ್ಸಸ್ ನದಿಗೆ ಸುರಿದರು. ಆಲ್ಟನ್‌ನಲ್ಲಿ ಆದದ್ದೇ ಇಲ್ಲೂ, 19 ವರ್ಷದ ನಂತರ.

ಮರುದಿನ ವಾಷಿಂಗ್ಟನ್‌ನಲ್ಲಿ, ಸೆನೆಟ್ ಸಭಾಂಗಣದೊಳಗೆ, ಸೌತ್ ಕ್ಯಾರೊಲೈನಾದ ಕೆಳಮನೆ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ತಲೆಗೆ ಬೆತ್ತದಿಂದ ಹೊಡೆದ. ಸಮ್ನರ್ ಕ್ಯಾನ್ಸಸ್ ಬಗ್ಗೆ ಎರಡು ದಿನ ಉಗ್ರವಾಗಿ ಮಾತಾಡಿದ್ದೇ ಕಾರಣ. ಬೆತ್ತ ಮುರಿಯುವವರೆಗೂ ಹೊಡೆದ. ದಕ್ಷಿಣದವರು ಬ್ರೂಕ್ಸ್‌ಗೆ ಹೊಸ ಬೆತ್ತಗಳನ್ನು ಉಡುಗೊರೆ ಕಳಿಸಿದರು. ಮ್ಯಾಸಚೂಸೆಟ್ಸ್‌ನವರು, ಸೆನೆಟ್‌ಗೆ ಬರಲಾಗದ ಸ್ಥಿತಿಯಲ್ಲಿದ್ದ ಸಮ್ನರ್‌ನನ್ನೇ ಮತ್ತೆ ಆರಿಸಿ, ಖಾಲಿ ಕುರ್ಚಿಯನ್ನು ಹಾಗೇ ಬಿಟ್ಟರು.

ಬುಧವಾರ, ಲೆಕಾಂಪ್ಟನ್

ಲಾರೆನ್ಸ್‌ನಿಂದ ಅರ್ಧ ಗಂಟೆ ದಾರಿ. ಊರಿನಲ್ಲಿ ಈಗ ಕೆಲವು ನೂರು ಜನ. ಒಂದು ಕಾಲಕ್ಕೆ ಇದೇ ಕ್ಯಾನ್ಸಸ್ ಸೀಮೆಯ ರಾಜಧಾನಿ. 1856ರಲ್ಲಿ ಕಟ್ಟಿದ ಎರಡು ಅಂತಸ್ತಿನ ಮರದ ಕಾನ್ಸ್ಟಿಟ್ಯೂಷನ್ ಹಾಲ್ ಇನ್ನೂ ನಿಂತಿದೆ. ಕೆಳಗೆ ಜಮೀನಿನ ಕಚೇರಿ ಇತ್ತು, ಮೇಲೆ ಸಭಾಂಗಣ. ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಬರೀ ಹಲಗೆ ನೆಲ, ಉದ್ದ ಕಿಟಕಿ, ಮರದ ಕುರ್ಚಿ. ನಮ್ಮೂರ ಹಳೆಯ ಪ್ರೈಮರಿ ಶಾಲೆಯ ದೊಡ್ಡ ಕೋಣೆಯಷ್ಟೇ ಜಾಗ.

1857ರ ಶರತ್ಕಾಲದಲ್ಲಿ ಇಲ್ಲಿ ಕೂತು ಗುಲಾಮಗಿರಿ ಪರ ಸಂವಿಧಾನ ಬರೆದರು. ಜನರ ಮುಂದೆ ಇಟ್ಟ ಪ್ರಶ್ನೆ ವಿಚಿತ್ರವಾಗಿತ್ತು: ಗುಲಾಮಗಿರಿ ಸಹಿತ ಈ ಸಂವಿಧಾನ ಬೇಕೋ, ಗುಲಾಮಗಿರಿ ರಹಿತ ಬೇಕೋ? ಸಂವಿಧಾನವೇ ಬೇಡ ಅನ್ನಲು ಜಾಗವಿಲ್ಲ. ರಹಿತ ಅಂದರೂ ಈಗಾಗಲೇ ಅಲ್ಲಿರುವ ಗುಲಾಮರು ಗುಲಾಮರಾಗಿಯೇ ಇರುತ್ತಾರೆ. ಅಧ್ಯಕ್ಷ ಬುಕ್ಯಾನನ್ ಇದನ್ನು ಬೆಂಬಲಿಸಿದ. ಜನರ ಓಟಿನ ಮಾತಾಡಿದ್ದ ಡಗ್ಲಸ್‌ಗೆ ಇದು ನುಂಗಲಾಗಲಿಲ್ಲ, ತನ್ನ ಪಕ್ಷದ ಅಧ್ಯಕ್ಷನ ವಿರುದ್ಧವೇ ನಿಂತ. 1858ರ ಫೆಬ್ರವರಿಯಲ್ಲಿ ನಡುರಾತ್ರಿ ಕಳೆದ ಮೇಲೆ ವಾಷಿಂಗ್ಟನ್‌ನ ಕೆಳಮನೆಯಲ್ಲಿ ಸದಸ್ಯರು ಕೈಕೈ ಮಿಲಾಯಿಸಿದರು. ಆಗಸ್ಟ್‌ನಲ್ಲಿ ಕ್ಯಾನ್ಸಸ್ ಜನರಿಗೆ ಸರಿಯಾಗಿ ಕೇಳಿದಾಗ ಬೇಡ ಅಂದವರು 11,300, ಬೇಕು ಅಂದವರು 1,788.

ಈ ಕೋಣೆಯ ಪರಿಣಾಮ ದೊಡ್ಡದು. ಉತ್ತರ-ದಕ್ಷಿಣ ಎರಡೂ ಕಡೆ ಬಲವಾಗಿದ್ದ ದೊಡ್ಡ ಪಕ್ಷ ಆಗ ಡೆಮಾಕ್ರಟಿಕ್ ಒಂದೇ. ಲೆಕಾಂಪ್ಟನ್ ಜಗಳದಲ್ಲಿ ಬಿರುಕು ಬಿಟ್ಟ ಆ ಪಕ್ಷ 1860ರಲ್ಲಿ ಎರಡಾಗಿ, ಇಬ್ಬರು ಅಭ್ಯರ್ಥಿಗಳನ್ನು ನಿಲ್ಲಿಸಿತು. ನಾಲ್ವರ ಸ್ಪರ್ಧೆಯಲ್ಲಿ ಲಿಂಕನ್ 40%ಗಿಂತ ಸ್ವಲ್ಪ ಕಡಿಮೆ ಓಟು ಪಡೆದು ಗೆದ್ದ.

ಗುರುವಾರ, ಒಸಾವಟಮಿ

ಇಡೀ ಪ್ರಯಾಣದಲ್ಲಿ ನನಗೆ ಕಷ್ಟವಾದ ದಿನ ಇದು.

ಲಾರೆನ್ಸ್ ಸುಟ್ಟ ಸುದ್ದಿ ಕೇಳಿದ ಜಾನ್ ಬ್ರೌನ್, 1856ರ ಮೇ 24ರ ರಾತ್ರಿ ನಾಲ್ವರು ಗಂಡುಮಕ್ಕಳು ಮತ್ತು ಇನ್ನು ಕೆಲವರ ಜೊತೆ ಪಾಟವಾಟಮಿ ಹಳ್ಳದ ದಂಡೆಯ ಮನೆಗಳಿಗೆ ಹೋದ. ಗುಲಾಮಗಿರಿ ಪರ ಇದ್ದ ಐದು ಜನರನ್ನು ಹಾಸಿಗೆಯಿಂದ ಎಬ್ಬಿಸಿ ಹೊರಗೆ ಕರೆದೊಯ್ದು, ಅಗಲ ಕತ್ತಿಗಳಿಂದ ಕಡಿದು ಕೊಂದರು. ಮೊದಲ ಮನೆ ಡಾಯ್ಲ್ ಕುಟುಂಬದ್ದು. ತಂದೆ, ಇಬ್ಬರು ಮಕ್ಕಳು ಹೋದರು. ತಾಯಿ ಮಹಾಲಾ ಡಾಯ್ಲ್ 16 ವರ್ಷದ ಮೂರನೆಯ ಮಗನಿಗಾಗಿ ಅತ್ತು ಬೇಡಿಕೊಂಡಳು. ಅವನನ್ನು ಬಿಟ್ಟರು. ಡಾಯ್ಲ್ ಮನೆಯವರ ಹತ್ತಿರ ಒಬ್ಬ ಗುಲಾಮನೂ ಇರಲಿಲ್ಲ.

ಒಸಾವಟಮಿಯ ಪಾರ್ಕಿನಲ್ಲಿ ಬ್ರೌನ್‌ನ ಮಲತಂಗಿ ಮತ್ತು ಅವಳ ಗಂಡ, ಪಾದ್ರಿ ಸ್ಯಾಮ್ಯುಯೆಲ್ ಅಡೇರ್ ದಂಪತಿಯ ಮರದ ದಿಮ್ಮಿಯ ಗುಡಿಸಲು ಇದೆ. ಹಾಳಾಗದಿರಲಿ ಅಂತ ಸುತ್ತ ಕಲ್ಲಿನ ಕಟ್ಟಡ ಕಟ್ಟಿದ್ದಾರೆ. ಒಳಗೆ ಒಲೆ, ಕಡಿಮೆ ಎತ್ತರದ ಚಾವಣಿ. ಓಡಿಬಂದ ಗುಲಾಮರನ್ನು ಅಡಗಿಸುತ್ತಿದ್ದ ಹಿಂದಿನ ಕೋಣೆಯಲ್ಲಿ ಇಬ್ಬರು ನಿಂತರೆ ತುಂಬಿಹೋಗುತ್ತದೆ. ಅದೇ ವರ್ಷ ಆಗಸ್ಟ್ 30ರಂದು ಮಿಸೌರಿ ಕಡೆಯಿಂದ ಸುಮಾರು 250 ಜನ ಬಂದು ಊರು ಸುಟ್ಟರು. ಬ್ರೌನ್ ಸುಮಾರು 40 ಜನರ ಜೊತೆ ಎದುರಿಸಿದ. ಅಂದು ಬೆಳಿಗ್ಗೆ ಅವನ ಮಗ ಫ್ರೆಡರಿಕ್‌ನನ್ನು ಈ ಗುಡಿಸಲಿನಿಂದ ಹೆಚ್ಚು ದೂರವಿಲ್ಲದ ರಸ್ತೆಯಲ್ಲಿ ಗುಂಡಿಟ್ಟು ಕೊಂದಿದ್ದರು.

ಅಕ್ಕನ ಮಗಳು ಕೇಳಿಯೇಬಿಟ್ಟಳು, "ಮಾಮಾ, ಇಂವ ಛಲೋ ಮನಷ್ಯಾನೋ ಕೆಟ್ಟಾಂವನೋ?"

ಭಾವ ನನ್ನ ಕಡೆ ನೋಡಿದರು. ಪಾಟವಾಟಮಿ ಕೊಲೆಗಳನ್ನು ನಾನು ಸಮರ್ಥಿಸಲಾರೆ, ಅದನ್ನೇ ಹೇಳಿದೆ. ಆಮೇಲೆ 1858ರ ಡಿಸೆಂಬರ್ ಕಥೆಯನ್ನೂ ಹೇಳಿದೆ. ಜಿಮ್ ಡೇನಿಯಲ್ಸ್ ಅನ್ನುವ ಗುಲಾಮ, ಪೊರಕೆ ಮಾರುವ ನೆಪ ಮಾಡಿ ಗಡಿ ದಾಟಿ ಬಂದ. ತನ್ನ ಕುಟುಂಬವನ್ನು ಮಾರುತ್ತಿದ್ದಾರೆ, ಕಾಪಾಡಿ ಅಂದ. ಬ್ರೌನ್ ಮಿಸೌರಿಗೆ ನುಗ್ಗಿ 11 ಜನರನ್ನು ಬಿಡಿಸಿದ. ಆ ದಾಳಿಯಲ್ಲೂ ಒಬ್ಬ ಯಜಮಾನ ಸತ್ತ. ಚಳಿಗಾಲದಲ್ಲಿ ಸಾವಿರ ಮೈಲಿಗೂ ಹೆಚ್ಚು ದೂರ ಅವರನ್ನು ಕರೆದೊಯ್ದು ಕೆನಡಾ ಮುಟ್ಟಿಸಿದ. ಹೊರಟಾಗ 11 ಇದ್ದವರು ಮುಟ್ಟಿದಾಗ 12. ದಾರಿಯಲ್ಲಿ ಡೇನಿಯಲ್ಸ್ ದಂಪತಿಗೆ ಗಂಡು ಮಗು ಹುಟ್ಟಿತ್ತು. ಅದಕ್ಕೆ ಜಾನ್ ಬ್ರೌನ್ ಅಂತ ಹೆಸರಿಟ್ಟರು.

1859ರ ಅಕ್ಟೋಬರ್‌ನಲ್ಲಿ ಬ್ರೌನ್ ವರ್ಜೀನಿಯಾದ ಹಾರ್ಪರ್ಸ್ ಫೆರಿ ಶಸ್ತ್ರಾಗಾರದ ಮೇಲೆ ದಾಳಿ ಮಾಡಿ ಸಿಕ್ಕಿಬಿದ್ದ. ಜೈಲಿಗೆ ಮಹಾಲಾ ಡಾಯ್ಲ್ ಹೆಸರಿನಲ್ಲಿ ಪತ್ರ ಬಂತು. ಈಗ ನಿನಗೂ ಮಕ್ಕಳನ್ನು ಕಳೆದುಕೊಂಡ ಸಂಕಟ ಗೊತ್ತಾಗಿರಬೇಕು, ನಾನು ಬೇಡಿ ಉಳಿಸಿಕೊಂಡ ಮಗ ನಿನ್ನ ನೇಣಿನ ದಿನ ಅಲ್ಲಿರಲು ಬಯಸುತ್ತಾನೆ ಅಂತ ಅದರಲ್ಲಿ ಇತ್ತು. ಡಿಸೆಂಬರ್ 2ರಂದು ಗಲ್ಲಿಗೇರಿಸಿದರು. ಈ ದೇಶದ ಪಾಪ ರಕ್ತದಿಂದಲ್ಲದೆ ತೊಳೆಯುವುದಿಲ್ಲ ಅಂತ ಅಂದು ಬೆಳಿಗ್ಗೆ ಚೀಟಿ ಬರೆದು ಕೊಟ್ಟಿದ್ದ. ಉತ್ತರದ ಚರ್ಚುಗಳಲ್ಲಿ ಅವನಿಗಾಗಿ ಗಂಟೆ ಬಾರಿಸಿದರು. ಗಂಟೆ ಬಾರಿಸಿದ್ದು ಕೇಳಿ ದಕ್ಷಿಣದವರು ಮಿಲಿಷಿಯಾ ಕಟ್ಟಿ ಕವಾಯತು ಶುರು ಮಾಡಿದರು.

ಶುಕ್ರವಾರ, ಟೊಪೀಕಾ

ಮೊದಲು ಮನ್ರೋ ಶಾಲೆ. ಕಪ್ಪು ಮಕ್ಕಳಿಗೆಂದೇ ಇದ್ದ ಶಾಲೆ, ಈಗ ರಾಷ್ಟ್ರೀಯ ಸ್ಮಾರಕ. ಮಕ್ಕಳನ್ನು ಬಣ್ಣದ ಮೇಲೆ ಬೇರೆ ಮಾಡುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ ಬ್ರೌನ್ ಕೇಸು (ಈ ಬ್ರೌನ್ ಬೇರೆ) ಈ ಊರಿನದು. ತೀರ್ಪು ಬಂದದ್ದು 1954ರ ಮೇ 17. ಕ್ಯಾನ್ಸಸ್-ನೆಬ್ರಾಸ್ಕ ಕಾನೂನಿಗೆ ನೂರು ವರ್ಷ ತುಂಬಲು ಎರಡು ವಾರ ಇತ್ತು.

ಮಧ್ಯಾಹ್ನ ರಾಜ್ಯದ ಶಾಸನಭವನ. ಎರಡನೆಯ ಮಹಡಿಯ ಗೋಡೆ ತುಂಬ ಜಾನ್ ಸ್ಟುವರ್ಟ್ ಕರ್ರಿ ಬರೆದ ಜಾನ್ ಬ್ರೌನ್. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ರೈಫಲ್, ಬಾಯಿ ತೆರೆದು ಕೂಗುತ್ತಿದ್ದಾನೆ. ಹಿಂದೆ ಸುಂಟರಗಾಳಿ, ಹುಲ್ಲುಗಾವಲಿನ ಬೆಂಕಿ. ಕಾಲ ಬುಡದಲ್ಲಿ ಎರಡೂ ಕಡೆಯ ಒಬ್ಬೊಬ್ಬ ಸೈನಿಕನ ಹೆಣ. ಹತ್ತಿರ ಹೋದರೆ ಗಡ್ಡದ ಒಂದೊಂದು ಎಳೆಯೂ ಗಾಳಿಗೆ ಹಾರಿದ್ದು ಕಾಣುತ್ತದೆ.

ಭಾವ ಆಫೀಸಿನಲ್ಲಿ ಕೇಳಿದ್ದ ಒಂದು ಮಾತು ತೆಗೆದರು. ಯುದ್ಧ ಆದದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ ಅಂತ ಈಗಲೂ ಹೇಳುವವರಿದ್ದಾರೆ. "ಅವ್ರು ಬರ್ದದ್ದನ್ನ ಓದ್ರಿ ಭಾವ" ಅಂದೆ. ನಮ್ಮ ನಿಲುವು ಗುಲಾಮಗಿರಿಯೊಂದಿಗೆ ಸಂಪೂರ್ಣ ಬೆಸೆದಿದೆ ಅಂತ ಮಿಸಿಸಿಪ್ಪಿ ರಾಜ್ಯ, ದೇಶದಿಂದ ಬೇರೆಯಾದ ತನ್ನ ಘೋಷಣೆಯ ಮೊದಲಿಗೇ ಹೇಳಿತು. ಉತ್ತರದ ರಾಜ್ಯಗಳು ಓಡಿಹೋದ ಗುಲಾಮರನ್ನು ಹಿಡಿದು ಕೊಡುತ್ತಿಲ್ಲ ಅನ್ನುವುದು ಸೌತ್ ಕ್ಯಾರೊಲೈನಾದ ದೊಡ್ಡ ದೂರು. ಅಂದರೆ ಆ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಅವರಿಗೆ ತಪ್ಪಾಗಿ ಕಂಡಿತ್ತು. ಕರಿಯರು ಬಿಳಿಯರಿಗೆ ಸಮಾನರಲ್ಲ ಅನ್ನುವುದೇ ನಮ್ಮ ಸರ್ಕಾರದ ಮೂಲೆಗಲ್ಲು ಅಂತ ಬೇರೆಯಾದ ದಕ್ಷಿಣದ ರಾಜ್ಯಗಳ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಸಭೆಯಲ್ಲೇ ಹೇಳಿದ. ಅವರು ಮುಚ್ಚಿಟ್ಟಿರಲಿಲ್ಲ.

ಗುಮ್ಮಟದ ಕೆಳಗೆ ನಿಂತು ಗೈಡ್ ಹೇಳಿದ ಕಡೆಯ ವಿಷಯ ಕ್ಯಾನ್ಸಸ್ ರಾಜ್ಯವಾದದ್ದು. ದಕ್ಷಿಣದವರ ಬಲ ಇರುವವರೆಗೆ ಮುಕ್ತ ಕ್ಯಾನ್ಸಸ್ ಸೆನೆಟ್‌ನಲ್ಲಿ ಪಾಸಾಗಲಿಲ್ಲ. 1860ರ ಡಿಸೆಂಬರ್ 20ರಂದು ಸೌತ್ ಕ್ಯಾರೊಲೈನಾ ಬೇರೆಯಾಯಿತು. ಜನವರಿ 21ರಂದು ಜೆಫರ್ಸನ್ ಡೇವಿಸ್ ಮತ್ತು ಇತರ ದಕ್ಷಿಣದ ಸೆನೆಟರ್‌ಗಳು ವಿದಾಯ ಭಾಷಣ ಮಾಡಿ ಎದ್ದು ಹೋದರು. ಅದೇ ದಿನ ಸೆನೆಟ್ ಕ್ಯಾನ್ಸಸ್ ಮಸೂದೆ ಪಾಸು ಮಾಡಿತು. 29ಕ್ಕೆ ಬುಕ್ಯಾನನ್ ಸಹಿ ಹಾಕಿದ. ಏಪ್ರಿಲ್ 12ರಂದು ದಕ್ಷಿಣದ ತೋಪುಗಳು ಸೌತ್ ಕ್ಯಾರೊಲೈನಾದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿದಾಗ ಅಲ್ಲಿ ಹಾರುತ್ತಿದ್ದ ಅಮೆರಿಕದ ಬಾವುಟದಲ್ಲಿ, ರಾಜ್ಯಕ್ಕೊಂದರಂತೆ, 33 ನಕ್ಷತ್ರ ಇದ್ದವು. ಕ್ಯಾನ್ಸಸ್‌ನ ನಕ್ಷತ್ರ ಅಧಿಕೃತವಾಗಿ ಸೇರಿದ್ದು ಜುಲೈ 4ಕ್ಕೆ. ಅಷ್ಟು ಹೊತ್ತಿಗೆ ಯುದ್ಧಕ್ಕೆ ಮೂರು ತಿಂಗಳು ತುಂಬುತ್ತ ಬಂದಿತ್ತು.